ಆರರ ನಂತರ ಮತ್ತೊಂದು

ಎಂಟು ಬಾಯಿಯ ಸೀರಿಯಲ್ ಕಾರ್ಡಿಗೆ ಏಳು ಸಾವಿರದ ಎಂಟುನೂರು. ಅದರ ಬಾಲಕ್ಕೆ, ಅಂದರೆ ಒಂದು ತುದಿಯಲ್ಲಿ ಒಂದಾಗಿದ್ದು ಇನ್ನೊಂದು ತುದಿಯಲ್ಲಿ ಎಂಟಾಗಿ ಸೀಳಿಕೊಳ್ಳುವ ಕೇಬಲ್ಲಿಗೆ, ಸಾವಿರದ ನಾನೂರು. ಸಿಡಿಲಿನ ಹೊಡೆತ ತಡೆಯುವ ಬಿಲ್ಲೆಗಳು ತಂತಿಗೊಂದರಂತೆ ಎಂಟು. ಒಂದಕ್ಕೆ ಮುನ್ನೂರರಂತೆ ಎರಡು ಸಾವಿರದ ನಾನೂರು. ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಕಂಪ್ಯೂಟರಿಗೆ ಒಂಬತ್ತು ಸಾವಿರ. ಅದರೊಳಗೆ ಹಾಕಿರುವ ಲಿನಕ್ಸಿಗೆ ದುಡ್ಡಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕೋಮಲ ಅವರ ಕೂಲಿ ಎರಡೂವರೆ ಸಾವಿರ, ಸ್ಕೂಟರಿನ ಪೆಟ್ರೋಲು ನೂರ ಎಂಬತ್ತು. ಒಟ್ಟು ಇಪ್ಪತ್ಮೂರು ಸಾವಿರದ ಇನ್ನೂರ ಎಂಬತ್ತು ರೂಪಾಯಿ. ಇದೇ ಕೆಲಸಕ್ಕೆ, ಎಲ್ಲವನ್ನೂ ಹೊಸದಾಗಿ ಹಾಕಿಕೊಡುತ್ತೇವೆಂದು ಹೊರಗಿನ ಕಂಪನಿಯೊಂದು ಬರೆದುಕೊಟ್ಟ ಕೊಟೇಶನ್ ಮೂರು ಲಕ್ಷದ ನಲವತ್ತು ಸಾವಿರದ್ದು. ಆ ಕಾಗದ ಗಿರಣಿ ಮಾಲೀಕ ಮಲ್ಲಿಕಾರ್ಜುನ್ ಅವರ ಡ್ರಾಯರಿನಲ್ಲಿದೆ. ಹರಿದು ಹಾಕಿಲ್ಲ.

ಡಿಸೆಂಬರಿನ ಬೆಳಗಿನ ಐದೂವರೆ. ತಿ. ನರಸೀಪುರದಿಂದ ತಲಕಾಡಿನ ಕಡೆ ಹೋಗುವ ರಸ್ತೆಯಲ್ಲಿ ಈ ಅಕ್ಕಿ ಗಿರಣಿ. ಹೊಳೆಯಿಂದ ಎದ್ದ ಮಂಜು ಗೇಟಿನವರೆಗೆ ಬಂದು ನಿಂತಿದೆ. ಆ ಮಂಜಿನಲ್ಲಿ ಹನ್ನೊಂದು ಟ್ರ್ಯಾಕ್ಟರುಗಳು ಭತ್ತದ ಮೂಟೆ ಹೊತ್ತು ಸಾಲು ನಿಂತಿವೆ. ಈ ಸುಗ್ಗಿಯ ಮೊದಲ ತೂಕ ಇವತ್ತು. ಒಳಗೆ, ತೂಕದ ಕೋಣೆಯ ಮೇಜಿನ ಅಡಿಯಲ್ಲಿ, ತಲೆಗೆ ಮಫ್ಲರ್ ಸುತ್ತಿಕೊಂಡು, ಬಾಯಲ್ಲಿ ಸಣ್ಣ ಟಾರ್ಚು ಕಚ್ಚಿಕೊಂಡು ಕೋಮಲ ಕೂತಿದ್ದಾರೆ. ವಯಸ್ಸು ನಲವತ್ಮೂರು. ಮನೆ ನಂಜನಗೂಡಿನಲ್ಲಿ. ಮೂವತ್ತಕ್ಕೂ ಮಿಕ್ಕಿದ ಕಿಲೋಮೀಟರನ್ನು ಚಳಿಯಲ್ಲಿ ಸ್ಕೂಟರಿನಲ್ಲೇ ಬಂದಿದ್ದಾರೆ.

"ಬಂದ್ವಾ ಅವ್ವ?" ಎಂದು ಬಾಗಿಲಲ್ಲಿ ನಿಂತು ಕೇಳುವವರು ಚಾಮಯ್ಯ. ಅರವತ್ತಾರರ ಈ ಹಿರಿಯ ಗಿರಣಿಯ ತೂಕದವರು. ತಕ್ಕಡಿಗಳು ಬರುವ ಮುಂಚೆ ಕೊಳಗದಲ್ಲಿ ಅಳೆಯುತ್ತಿದ್ದವರು.

"ಮೂರು ಬಂದವೆ ಚಾಮಯ್ಯಣ್ಣ. ಐದು ಮಲಗವೆ."

"ಎಬ್ಬರ್ಸು ಮತ್ತೆ. ಜನ ಆಗ್ಲೆ ಬೀಡಿ ಕಟ್ಟು ಮುಗಿಸ್ತಾವ್ರೆ."

ಕೋಮಲ ಮಾಡುವ ಕೆಲಸವನ್ನು ಹೀಗೆ ಹೇಳಬಹುದು. ಅಂಗಳದಲ್ಲಿ ಎಂಟು ಎಲೆಕ್ಟ್ರಾನಿಕ್ ತಕ್ಕಡಿಗಳಿವೆ. ಒಂದೊಂದರಿಂದಲೂ ಒಂದೊಂದು ತಂತಿ ಈ ಕೋಣೆಗೆ ಬರುತ್ತದೆ. ಮೂಟೆ ಇಟ್ಟ ಕೂಡಲೇ ತಕ್ಕಡಿ ಅದರ ತೂಕವನ್ನು ಅಕ್ಷರ ಅಕ್ಷರವಾಗಿ ಆ ತಂತಿಯಲ್ಲಿ ಕಳಿಸುತ್ತದೆ. ಕಂಪ್ಯೂಟರು ಅದನ್ನು ಕೇಳಿಸಿಕೊಂಡು, ಆ ತಕ್ಕಡಿಯ ಮುಂದೆ ನಿಂತ ರೈತರ ಹೆಸರಿಗೆ ಕೂಡಿಸಿ ಚೀಟಿ ಕೊಡುತ್ತದೆ. ಆದರೆ ಮಾಮೂಲಿ ಕಂಪ್ಯೂಟರಿಗೆ ಇಂಥ ತಂತಿ ಸಿಕ್ಕಿಸುವ ಬಾಯಿ ಇರುವುದು ಒಂದೇ. ಈಗಿನವಕ್ಕೆ ಅದೂ ಇಲ್ಲ. ಎಂಟು ಬಾಯಿ ಬೇಕೆಂದರೆ ಈ ಕಾರ್ಡು ಹಾಕಬೇಕು. ಹಾಕಿದರೆ ಸಾಲದು, ಲಿನಕ್ಸಿಗೆ ಅದರ ಪರಿಚಯ ಮಾಡಿಸಬೇಕು.

ಅಕ್ಟೋಬರಿನ ಸಿಡಿಲಿಗೆ ಹಳೆಯ ಕಂಪ್ಯೂಟರು ಸುಟ್ಟುಹೋಯಿತು. ಕಾರ್ಡು ಉಳಿದಿತ್ತು, ಆದರೆ ಹಳೆ ಕಾರ್ಡಿನ ಹಲ್ಲು ಹೊಸ ಪೆಟ್ಟಿಗೆಯ ಸಂದಿಗೆ ಕೂರಲಿಲ್ಲ. ಹಾಗಾಗಿ ಕಾರ್ಡೂ ಹೊಸದು. ಇವತ್ತು ಅದನ್ನು ಕಂಪ್ಯೂಟರು ಗುರುತು ಹಿಡಿದಿದೆ, ಎಂಟು ಬಾಯಿ ಇದೆ ಎಂದೂ ಬರೆದು ತೋರಿಸಿದೆ. ತೆರೆದಿರುವುದು ಮಾತ್ರ ಮೂರು.

"ಇದರ ಉಟ್ಟುಗುಣ ಅದು," ಎನ್ನುತ್ತಾರೆ ಕೋಮಲ, ಕೀಬೋರ್ಡು ತೊಡೆಯ ಮೇಲೆ ಇಟ್ಟುಕೊಂಡು. "ಯಾರೂ ಏನೂ ಏಳದಿದ್ರೆ ನಾಕೇ ಬಾಗ್ಲು ತೆಗೀತದೆ. ಅದ್ರಲ್ಲಿ ಒಂದು ಕಂಪ್ಯೂಟರ್ ಬೋರ್ಡಿಂದೇ. ಉಳ್ದಿದ್ದು ಮೂರು. ಮಿಕ್ಕ ಐದು ಬಾಗ್ಲಲ್ಲೇ ನಿಂತ್ಕತವೆ."

ಕಂಪ್ಯೂಟರು ಏಳುವಾಗ ಓದುವ ಸಾಲೊಂದಿದೆ. ಅದರಲ್ಲಿ ಬಾಗಿಲುಗಳ ಲೆಕ್ಕ ಬರೆದರೆ ಅಷ್ಟನ್ನು ತೆರೆಯುತ್ತದೆ. ಎಂಟು ಬಾಯಿ ಕಾರ್ಡಿಗೆ ಎಂಟು ಎಂದು ಬರೆಯುವುದೇ ಎಲ್ಲರಿಗೂ ತೋಚುವುದು. ಹನ್ನೆರಡು ವರ್ಷದ ಹಿಂದೆ, ನಂಜನಗೂಡಿನ ದನದ ಫೀಡ್ ಮಾಡುವ ಕಡೆ ಕೋಮಲ ಕೂಡ ಹಾಗೇ ಬರೆದಿದ್ದರು. ಕಾರ್ಡು ಮೊದಲ ನಾಲ್ಕು ತಂತಿಗೆ ಹೊಸ ನಂಬರು ಕೊಟ್ಟು, ಮುಂದಿನ ಮೂರಕ್ಕೆ ಹಿಂದಿನ ಹಳೇ ನಂಬರುಗಳನ್ನು ಹಚ್ಚಿ, ಎಂಟನೆಯದನ್ನು ಕೈಬಿಟ್ಟಿತ್ತು. ಎರಡು ದಿನ ತಲೆ ಕೆಟ್ಟಿತ್ತಂತೆ. ಈಗ ಅವರು ಕಣ್ಣು ಮಿಟುಕಿಸದೆ ಹದಿನಾರು ಎಂದು ಬರೆಯುತ್ತಾರೆ. "ಬೀಗರೂಟಕ್ಕೆ ಎಲೆ ಆಕ್ದಂಗೆ. ಎಂಟು ಜನ ಬತ್ತಾರೆ ಅಂತ ಎಂಟೇ ಆಕುದ್ರೆ ಮರ್ಯಾದೆ ಓಯ್ತದೆ."

ಕಂಪ್ಯೂಟರು ಮಲಗಿ ಎದ್ದಿತು. ಈ ಸಲ ಎಂಟೂ ಬಾಯಿ ತೆರೆದವು, ನಾಲ್ಕರಿಂದ ಹನ್ನೊಂದರವರೆಗೆ ನಂಬರು ಹಾಕಿಕೊಂಡವು. ಕೋಮಲ ಈಗ ಒಂದು ಪಟ್ಟಿ ಬರೆಯಬೇಕು: ಯಾವ ನಂಬರು ಯಾವ ತಕ್ಕಡಿ. ಈ ಪಟ್ಟಿ ಬರೆಯುವ ಮುನ್ನ ಅವರು ಕೀಬೋರ್ಡು ಕೆಳಗಿಟ್ಟು ಎದ್ದು, ಒಂದೊಂದು ತಂತಿಯನ್ನೂ ಕೈಯಲ್ಲಿ ಹಿಡಿದು ತಕ್ಕಡಿಯವರೆಗೆ ನಡೆದುಕೊಂಡೇ ಹೋಗುತ್ತಾರೆ. ಎಂಟು ಸಲ ಹೋಗಿ ಎಂಟು ಸಲ ಬರುತ್ತಾರೆ. ಹೋದ ವರ್ಷ ಅವರು ಹಾಗೆ ನಡೆದು ನೋಡಿರಲಿಲ್ಲ.

ಕೋಮಲ ಹುಟ್ಟಿದ್ದು ಬದನವಾಳಿನಲ್ಲಿ. ತಾಯಿ ಮರಿತಾಯಮ್ಮ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದರು. ಸುಗ್ಗಿ ಬಂದರೆ ಕೇಂದ್ರ ಬಿಟ್ಟು ಕೊಯ್ಲಿನ ಕೂಲಿಗೆ ಹೋಗುತ್ತಿದ್ದರು, ಮಗಳನ್ನೂ ಕರೆದುಕೊಂಡು. ಸ್ವಂತದ ಜಮೀನು ಇರಲಿಲ್ಲ. ಹತ್ತನೇ ತರಗತಿ ಮುಗಿದ ಮೇಲೆ ಕೋಮಲ ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಸೇರಿದರು. ತರಗತಿಯಲ್ಲಿ ಹುಡುಗಿಯರು ಇಬ್ಬರು. ಆಮೇಲೆ ಹನ್ನೊಂದು ವರ್ಷ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಅಲ್ಲಿ ತೂಕದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ನಿವೃತ್ತರಾಗುವ ಮುಂಚೆ ತಮಗೆ ಗೊತ್ತಿದ್ದುದನ್ನೆಲ್ಲ ಇವರಿಗೆ ಹೇಳಿಕೊಟ್ಟರು. ಕಾರ್ಖಾನೆ ಆಳು ಕಡಿಮೆ ಮಾಡಿದಾಗ ಇವರ ಹೆಸರೂ ಪಟ್ಟಿಯಲ್ಲಿತ್ತು. ಮನೆಗೆ ಬಂದ ಮೂರನೇ ದಿನ ಫೋನು ಬಂತು: ತೂಕದ ಯಂತ್ರ ನಿಂತಿದೆ, ಬಂದು ನೋಡಿ. "ಓದೆ. ಕೂಲಿ ಏಳ್ದೆ. ಕೊಟ್ರು. ಆವತ್ತಿಂದ ಇದೇ ಕಸುಬು."

ಇಂಗ್ಲಿಷನ್ನು ಅವರು ಓದುವುದಕ್ಕಿಂತ ಗುರುತು ಹಿಡಿಯುತ್ತಾರೆ. ಕಂಪ್ಯೂಟರು ತೋರಿಸುವ ಸಾಲುಗಳಲ್ಲಿ ಯಾವ ಪದ ಬಂದರೆ ಸರಿ, ಯಾವುದು ಬಂದರೆ ಕೇಡು ಎಂದು ಆಕಾರದಿಂದಲೇ ಗೊತ್ತು. ಮಾಡಿದ ಪ್ರತಿ ಕೆಲಸವನ್ನೂ ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾರೆ, ಇಂಥವು ಒಂಬತ್ತಾಗಿವೆ. ಈಗ ಎರಡು ತಾಲ್ಲೂಕಿನ ಒಂಬತ್ತು ಕಡೆಯ ನಲವತ್ತೊಂದು ತಕ್ಕಡಿಗಳು ಇವರ ಕೈಯಲ್ಲಿವೆ. ದಿನಕ್ಕೆ ಅರವತ್ತರಿಂದ ಎಂಬತ್ತು ಕಿಲೋಮೀಟರು ಓಡಾಟ. ತಿಂಗಳಿಗೆ ಪೆಟ್ರೋಲು ಕಳೆದು ಹದಿಮೂರು, ಹದಿನಾಲ್ಕು ಸಾವಿರ ಉಳಿಯುತ್ತದೆ. ಹೋದ ವರ್ಷದ ಸುಗ್ಗಿಗೆ ಮುಂಚೆ ಹನ್ನೊಂದು ಕಡೆ ಇತ್ತು. ಎರಡು ಯಾಕೆ ಹೋದವು ಎಂದು ಕೇಳಿದರೆ ಅವರು ಸುತ್ತಿ ಬಳಸುವುದಿಲ್ಲ.

"ನನ್ ತಪ್ಪು. ಒಂದು ಮಾತು ಅರ್ಥ ಆಗ್ನಿಲ್ಲ."

ಆಗಿದ್ದು ಇಷ್ಟು. ಸುಗ್ಗಿಗೆ ಮುಂಚೆ ತೂಕದ ಕೋಣೆಗೆ ಸುಣ್ಣ ಬಳಿಸಿದರು. ಬಳಿಯುವಾಗ ತಂತಿಗಳನ್ನೆಲ್ಲ ಕಿತ್ತರು. ಕಲಸಿಹೋಗದಿರಲಿ ಎಂದು ಚಾಮಯ್ಯ ಒಂದೊಂದಕ್ಕೂ ಬಿಳಿ ಟೇಪು ಸುತ್ತಿ, ತಕ್ಕಡಿಯ ಹೆಸರು ಬರೆದರು. ಆಮೇಲೆ ಮೊದಲಿನ ಜಾಗ ನೋಡದೆ ಸಾಲಾಗಿ ವಾಪಸ್ ಸಿಕ್ಕಿಸಿದರು. ಕೋಮಲ ಆ ಬೆಳಗ್ಗೆ ನಂಜನಗೂಡಿನಲ್ಲಿ ಬೇರೆ ಕೆಲಸದಲ್ಲಿದ್ದರು. ಇಂಟರ್‌ನೆಟ್ಟಿನ ಮೂಲಕ ಅಲ್ಲಿಂದಲೇ ಕಂಪ್ಯೂಟರಿನ ಪಟ್ಟಿ ತಿದ್ದಬಹುದು. ತಿದ್ದಲು ಯಾವ ಬಾಯಿಗೆ ಯಾವ ತಂತಿ ಎಂದು ತಿಳಿದರೆ ಸಾಕು. ಫೋನು ಮಾಡಿದರು.

"ಕಾರ್ಡ್ ಬಾಲದ ಮೊದಲ್ನೇ ತಂತಿಲಿ ಏನ್ ಬರ್ದದೆ ಚಾಮಯ್ಯಣ್ಣ?"

"ಲಾಭ."

"ಆಮೇಲೆ?"

"ಎರಡು. ಮೂರು. ನಾಕು. ಐದು. ಆರು."

"ಉಂ, ಏಳಣ್ಣ."

"ಅಂಗನ್ಬ್ಯಾಡ ಕಣವ್ವ ಒತ್ತಾರೆಲೇ! ಮತ್ತೊಂದು. ಆಮ್ಯಾಕೆ ಎಂಟು. ಆಯ್ತಲ್ಲ, ಬರ್ಕೊ."

ಕೋಮಲ 'ಹೇಳಣ್ಣ' ಎಂದಿದ್ದರು. ಈ ಸೀಮೆಯ ಬಾಯಲ್ಲಿ 'ಹೇಳು' ಎಂಬುದೂ 'ಏಳು' ಆಗುತ್ತದೆ. ಚಾಮಯ್ಯನವರ ಕಿವಿಗೆ ಅದು ಏಳು ಎಂಬ ಸಂಖ್ಯೆಯಾಗಿ ಬಿತ್ತು. ಭತ್ತ ಅಳೆಯುವವರು ಏಳು ಎನ್ನುವುದಿಲ್ಲ. ಏಳು ಎಂದರೆ ಎದ್ದು ಹೋಗು ಎಂದ ಹಾಗೆ. ಕಣದಲ್ಲಿ ಕೂತ ಧಾನ್ಯಕ್ಕೆ ಯಾರಾದರೂ ಹಾಗನ್ನುತ್ತಾರೆಯೇ? ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುವಂತೆ, ಆರಾದ ಮೇಲಿನದಕ್ಕೆ ಮತ್ತೊಂದು ಎನ್ನುವುದು ಚಾಮಯ್ಯನವರ ಅಳತೆಯ ಪದ್ಧತಿ. ತಕ್ಕಡಿ ಬಂದ ಮೇಲೂ ಅವರು ಅದನ್ನು ಬಿಟ್ಟಿಲ್ಲ.

ಕೋಮಲ ಬರೆದುಕೊಂಡಿದ್ದು ಬೇರೆ. ಆರು, ಮತ್ತೊಂದು ಎಂದರೆ ಆರಕ್ಕೇ ಮತ್ತೊಂದು ತಂತಿ ಎಂದುಕೊಂಡರು. ಬೇಸಿಗೆಯಲ್ಲಿ ಒಂದು ತಕ್ಕಡಿ ರಿಪೇರಿಗೆ ಹೋಗಿದ್ದು ಅವರಿಗೆ ಗೊತ್ತಿತ್ತು. ಅದು ಏಳನೆಯದೇ ಇರಬೇಕು, ಇನ್ನೂ ಬಂದಿಲ್ಲ, ಅದರ ತಂತಿಯನ್ನೂ ಆರಕ್ಕೇ ಹಾಕಿದ್ದಾರೆ ಎಂದುಕೊಂಡರು. ಎರಡು ತಂತಿಯನ್ನೂ ಆರನೇ ತಕ್ಕಡಿಯ ಹೆಸರಿಗೆ ಬರೆದರು.

ಲಾಭ ಗೊತ್ತಿದ್ದ ನಿಮಗೆ ಮತ್ತೊಂದು ಹೇಗೆ ಗೊತ್ತಿರಲಿಲ್ಲ ಎಂದರೆ ಅವರ ಉತ್ತರ ನೇರವಾಗಿದೆ. "ಕೊಯ್ಲು ಕೂಲಿಗೆ ಅವ್ವಂಗೆ ನಾಕು ಸೇರು, ನಂಗೆ ಎರಡು. ಗೌಡ್ರು ಅಳೆಯೋರು: ಲಾಭ, ಎರಡು, ಮೂರು, ನಾಕು, ಐದು, ಆರು. ಅಲ್ಲಿಗೆ ಮುಗೀತು, ಸೆರಗು ಕಟ್ಕೊಂಡು ಬತ್ತಿದ್ವು. ಆರಾದ್ಮೇಲೆ ಏನಂತಾರೆ ಅಂತ ನಮ್ಮನೇಲಿ ಯಾರ್ಗೂ ಗೊತ್ತಿರ್ನಿಲ್ಲ ಕಣ್ರೀ. ಕೇಳಿರ್ನೇ ಇಲ್ಲ."

ಆ ದಿನ ಏಳನೇ ತಕ್ಕಡಿಗೆ ಮೂಟೆ ಇಟ್ಟವರು ಸೋಮನಾಥಪುರದ ಕಡೆಯ ರಾಚಮ್ಮ. ಎರಡು ಎಕರೆ ನಾಲೆ ಜಮೀನನ್ನು ಒಬ್ಬರೇ ಮಾಡಿಸುವ ಹೆಂಗಸು. ಹದಿನಾಲ್ಕು ಮೂಟೆ ತೂಗಿದರು, ಚೀಟಿ ಬರಿದಾಗಿ ಬಂತು. ಪ್ರಿಂಟರು ಕೆಟ್ಟಿರಬೇಕು, ಇರಿ ಎಂದರು. ಮೂಟೆಗಳು ಅಷ್ಟರಲ್ಲಿ ರಾಶಿಗೆ ಸೇರಿಹೋಗಿದ್ದವು. ಪಕ್ಕದ ಆರರಲ್ಲಿ ಸೋಮಶೇಖರ್ ಎಂಬ ರೈತರು ಮೂವತ್ತಾರು ಮೂಟೆ ತಂದಿದ್ದರು. ಅವರಿಗೆ ಮೂವತ್ತೊಂದು ಕ್ವಿಂಟಾಲ್ ಹನ್ನೆರಡು ಕಿಲೋ ಎಂದು ಚೀಟಿ ಬಂತು; ಐವತ್ತು ಮೂಟೆಯ ತೂಕ. ಅವರು ಅದನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡು ಹೋದರು. ಆಮೇಲೆ ಕೇಳಿದಾಗ, "ಮಿಷನ್ನು ಏಳಿದ್ದು. ನಾನೇನು ಮಿಷನ್ನಿಗಿಂತ ಬುದ್ವಂತನಾ?" ಎಂದರಂತೆ.

ರಾಚಮ್ಮ ಬಿಸಿಲಲ್ಲಿ ಮಧ್ಯಾಹ್ನದವರೆಗೆ ನಿಂತಿದ್ದರು. ಇಷ್ಟು ಮೂಟೆ ಇಟ್ಟಿದ್ದೆ ಎಂದರೆ ಸಾಕ್ಷಿ ಏನು ಎಂದು ಯಾರೋ ಕೇಳಿದರು. ಕೋಮಲ ಸ್ಕೂಟರಿನಲ್ಲಿ ಬಂದು ಮುಟ್ಟಿದಾಗ ಎರಡೂವರೆ. ತಕ್ಕಡಿಗಳು ಆಡಿದ ಪ್ರತಿ ಮಾತನ್ನೂ, ಯಾವ ತಂತಿಯಿಂದ ಎಷ್ಟು ಹೊತ್ತಿಗೆ ಬಂತೆಂಬುದನ್ನೂ ಕಂಪ್ಯೂಟರು ಬೇರೆ ಕಡತದಲ್ಲಿ ಹಾಗೇ ಬರೆದಿಡುವಂತೆ ಅವರು ಮೊದಲೇ ಮಾಡಿದ್ದರು. ಅದನ್ನು ತೆಗೆದು, ಏಳನೆಯ ತಂತಿಯ ತೂಕಗಳನ್ನು ಎಲ್ಲರೆದುರು ಕೂಡಿದರು: ಎಂಟು ಕ್ವಿಂಟಾಲ್ ಎಪ್ಪತ್ತೆರಡು ಕಿಲೋ. ಆರನೆಯದರಿಂದ ಅಷ್ಟನ್ನು ಕಳೆದರು. ತಪ್ಪು ನನ್ನದು, ಚಾಮಯ್ಯಣ್ಣನದಲ್ಲ ಎಂದೂ ಅಲ್ಲೇ ಹೇಳಿದರು. ರಾಚಮ್ಮನಿಗೆ ತೂಕ ಸಿಕ್ಕಿತು. ಆದರೆ ಸುದ್ದಿ ಸ್ಕೂಟರಿಗಿಂತ ಜೋರಾಗಿ ಓಡುತ್ತದೆ. ವಾರದೊಳಗೆ ಇನ್ನೆರಡು ಗಿರಣಿಯವರು ಇವರನ್ನು ಬಿಡಿಸಿದರು. ಮಲ್ಲಿಕಾರ್ಜುನ್ ಬಿಡಿಸಲಿಲ್ಲ, ಷರತ್ತು ಹಾಕಿದರು: ಇನ್ನೊಂದು ಚೀಟಿ ತಪ್ಪಾದರೆ ಕಂಪನಿಯವರನ್ನು ಕರೆಸುತ್ತೇನೆ.

ಅವರಿಗೆ ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಮೂರು ಲಕ್ಷ ಖರ್ಚು ಮಾಡಲು ಮನಸ್ಸಿಲ್ಲ, ಅಂಗಳದಲ್ಲಿ ಜಗಳ ನೋಡಲೂ ಮನಸ್ಸಿಲ್ಲ. "ಕೋಮಲಮ್ಮ, ನನ್ನನ್ನ ಕೇಳಬೇಡಿ. ಆ ರಾಚಮ್ಮ ಮತ್ತೆ ಅದೇ ತಕ್ಕಡಿಗೆ ಮೂಟೆ ಇಟ್ಟರೆ ಊರೇ ಇಡುತ್ತೆ. ಆಕೆ ಇಡದೆ ಹೋದರೆ ನಾನು ಏನು ಮಾಡ್ಲಿ ಹೇಳಿ," ಎಂದು ಇವತ್ತು ಬೆಳಗ್ಗೆಯೂ ಕಾಫಿ ಲೋಟ ಹಿಡಿದು ಹೇಳಿದ್ದಾರೆ. ಗೇಟಿನ ಹೊರಗಿನ ನಾಲ್ಕನೇ ಟ್ರ್ಯಾಕ್ಟರು ರಾಚಮ್ಮನದು.

ಆರೂ ಮುಕ್ಕಾಲಿಗೆ ಪಟ್ಟಿ ಮುಗಿಯಿತು. ಕಂಪ್ಯೂಟರಿನಲ್ಲಿ ಈಗ ತಕ್ಕಡಿಗಳಿಗೆ ನಂಬರಿಲ್ಲ. ಲಾಭದಿಂದ ಎಂಟರವರೆಗೆ ಚಾಮಯ್ಯನವರ ಹೆಸರುಗಳೇ ಇವೆ, ಚೀಟಿಯಲ್ಲೂ ಅವೇ ಬರುತ್ತವೆ. ಒಂದು ತಕ್ಕಡಿ ಮಾತ್ರ ಅಂಕಿಯ ಬದಲು ಕೋಳಿ ಕೆದರಿದಂಥ ಅಕ್ಷರ ಕಳಿಸಿತು. ಅದು ಮತ್ತೊಂದು. ಎಲ್ಲಕ್ಕಿಂತ ಹಳೆಯದು, ಮಾತು ನಿಧಾನ. "ಮುದುಕ್ರ ಜತೆ ಮಾತಾಡ್ದಂಗೆ ಇದರ ಜತೆ ಮೆಲ್ಗೆ ಮಾತಾಡ್ಬೇಕು," ಎಂದು ಕೋಮಲ ಆ ತಂತಿಯ ವೇಗ ಇಳಿಸಿದರು. ಅಂಕಿಗಳು ನೆಟ್ಟಗಾದವು.

ಆಮೇಲೆ ಪರೀಕ್ಷೆ. ಗೊತ್ತಾದ ತೂಕದ ಬಟ್ಟು ಇಟ್ಟು ನೋಡುವುದು ವಾಡಿಕೆ. ಕೋಮಲ ತಾವೇ ತಕ್ಕಡಿ ಹತ್ತುತ್ತಾರೆ. ಲಾಭದ ಮೇಲೆ ಅರವತ್ತೊಂದು. ಎರಡರ ಮೇಲೆ ಅರವತ್ತೊಂದು. ಗೇಟು ತೆಗೆದಿದ್ದರಿಂದ ಜನ ಸುತ್ತ ಸೇರಿದ್ದಾರೆ.

"ಓದ್ವರ್ಷ ನೀನು ಐವತ್ತೊಂಬತ್ತಿದ್ದೆ ಕಣವ್ವ," ಎಂದು ಸೋಮಶೇಖರ್ ಟ್ರ್ಯಾಕ್ಟರಿನ ಮೇಲಿಂದಲೇ ಕೂಗುತ್ತಾರೆ. "ನಮ್ ಅಕ್ಕೀನೆಲ್ಲ ನೀನೇ ಉಣ್ತಿದ್ದೀಯಾ?"

"ಬೂಟ್ ಆಕಿವ್ನಿ ಕಣಣ್ಣ, ಚಳಿಗೆ. ನೀನು ತಕ್ಕಡಿ ಅತ್ತು ನೋಡುವ. ಓದ್ವರ್ಷ ಐವತ್ತು ಮೂಟೆ ತೂಗಿದ್ದೋನು ನೀನು."

ಅಂಗಳ ನಗುತ್ತದೆ. ಸೋಮಶೇಖರ್ ಕೂಡ ನಗುತ್ತಾರೆ, ಸ್ವಲ್ಪ ತಡವಾಗಿ. ಎಂಟು ತಕ್ಕಡಿಗೂ ಒಂದೇ ತೂಕ, ಎಂಟು ಚೀಟಿಯಲ್ಲೂ ಅದದೇ ತಕ್ಕಡಿಯ ಹೆಸರು. ನಗದೆ ನಿಂತವರು ರಾಚಮ್ಮ ಒಬ್ಬರೇ.

"ನಿನ್ ತೂಕ ಕಟ್ಕಂಡು ನಂಗೇನವ್ವ?" ಎನ್ನುತ್ತಾರೆ ಅವರು. "ಆವತ್ತೂ ಒಬ್ಬೊಬ್ರು ನಿಂತಿದ್ರೆ ಸರ್ಯಾಗೇ ಕಾಣ್ತಿತ್ತೋ ಏನೋ. ಇಬ್ರೂ ಒಟ್ಗೆ ಇಟ್ಟಾಗ್ಲೇ ಅಲ್ವಾ ನಂದು ಅವನ ಬಾಯ್ಗೆ ಬಿದ್ದಿದ್ದು? ಆರ್ರ ಮ್ಯಾಲೆ ಇವ್ನ ಮೂಟೆ ಇಡ್ಸು. ಮತ್ತೊಂದ್ರ ಮ್ಯಾಲೆ ನನ್ ಮೂಟೆ. ಒಂದೇ ಏಟ್ಗೆ ಇಡ್ಲಿ. ಆಮ್ಯಾಲೆ ನೋಡಾನ."

ಒಬ್ಬರೇ ಹತ್ತಿ ಇಳಿಯುವ ಪರೀಕ್ಷೆಯಲ್ಲಿ ಎರಡು ತಂತಿ ಒಟ್ಟಿಗೆ ಮಾತಾಡುವುದೇ ಇಲ್ಲ. ಕೆಲವು ಕಾರ್ಡುಗಳು ಒಬ್ಬರ ಮಾತು ಕೇಳುವಾಗ ಇನ್ನೊಬ್ಬರದನ್ನು ಬಿಟ್ಟುಬಿಡುವುದೂ ಉಂಟು. ಒಂಬತ್ತು ನೋಟ್‌ಬುಕ್ಕಿನಲ್ಲೂ ಈ ಪರೀಕ್ಷೆ ಇರಲಿಲ್ಲ.

"ಸರಿಯಾಗಿ ಏಳ್ದೆ ಕಣಕ್ಕ," ಎಂದರು ಕೋಮಲ. "ಎರಡಲ್ಲ. ಎಂಟಕ್ಕೂ ಒಟ್ಗೇ ಇಡ್ಸಾನ."

ಎಂಟು ಜನ ಹಮಾಲರು ಎಂಟು ಮೂಟೆ ಹೊತ್ತು ನಿಂತರು. ಚಾಮಯ್ಯ ಕೈ ಎತ್ತಿ ಇಳಿಸಿದರು. ಎಂಟು ಮೂಟೆ ಒಮ್ಮೆಗೇ ಬಿದ್ದವು. ಪರದೆಯ ಮೇಲೆ ಲಾಭ ಬಂತು, ಎರಡು, ಮೂರು, ಎಂಟು ಬಂದವು. ನಾಲ್ಕು, ಐದು, ಆರು. ಮತ್ತೊಂದರ ಮುಂದೆ ಏನೂ ಇಲ್ಲ. ಮಲ್ಲಿಕಾರ್ಜುನ್ ಲೋಟ ಕೆಳಗಿಟ್ಟರು. ಕೋಮಲ ಕೀಬೋರ್ಡು ಮುಟ್ಟಲಿಲ್ಲ, ಕೈ ಕಟ್ಟಿಕೊಂಡು ನಿಂತರು. ಉಸಿರು ಎಳೆದು ಬಿಡುವಷ್ಟು ಹೊತ್ತು. ನಂತರ ಮತ್ತೊಂದರ ಮುಂದೆ ಅರವತ್ತೆರಡು ಕಿಲೋ ಎಂದು ಮೂಡಿತು. ಆರರ ಮುಂದೆ ಇದ್ದ ಅಂಕಿ ಅಲುಗಲಿಲ್ಲ.

"ಏನ್ ಬಂತು?" ಎಂದು ರಾಚಮ್ಮ ಕೇಳಿದರು. ಅವರಿಗೆ ಓದು ಬರುವುದಿಲ್ಲ. ಚಾಮಯ್ಯ ಓದಿ ಹೇಳಿದರು. ರಾಚಮ್ಮ ಚೀಟಿಯನ್ನು ಸೋಮಶೇಖರ್ ಅವರ ಕೈಗೆ ಕೊಟ್ಟು, "ನೀನೂ ಓದ್ಲಾ, ಗಟ್ಟಿಯಾಗಿ," ಎಂದರು. ಅವರು ಓದಿದರು. ಅದೇ ಅಂಕಿ. ರಾಚಮ್ಮ ತಮ್ಮ ಟ್ರ್ಯಾಕ್ಟರಿನ ಕಡೆ ತಿರುಗಿ ಹಮಾಲರಿಗೆ ಮೂಟೆ ಇಳಿಸಲು ಕೈ ಮಾಡಿದರು. "ಮತ್ತೊಂದ್ಕೇ ಆಕ್ರಪ್ಪ. ಬ್ಯಾರೆ ಕಡೆ ಬ್ಯಾಡ."

ಹದಿನೈದು ಮೂಟೆ, ಒಂಬತ್ತು ಕ್ವಿಂಟಾಲ್ ಮೂವತ್ತೊಂದು ಕಿಲೋ. ಚೀಟಿ ಅವರ ಹೆಸರಿಗೇ ಬಂತು. ಸಂಜೆಯವರೆಗೆ ಅಂಗಳದಲ್ಲಿ ನಾನೂರಕ್ಕೂ ಮಿಕ್ಕಿ ಕ್ವಿಂಟಾಲ್ ತೂಗಿದರು. ಒಂದು ಚೀಟಿಯೂ ತಕರಾರಾಗಿ ವಾಪಸ್ ಬರಲಿಲ್ಲ. ಕೋಮಲ ಬೆಳಗಿನ ಒಂಬತ್ತೂವರೆಗೇ ಇಡ್ಲಿ ತಿಂದು, ಹತ್ತನೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎಂಟನ್ನೂ ಒಟ್ಟಿಗೆ ತೂಗಿ ನೋಡಬೇಕು, ರಾಚಮ್ಮ ಹೇಳಿದ್ದು ಎಂದು ಬರೆದುಕೊಂಡು ಹೊರಟರು. ದಾರಿಯಲ್ಲಿ ಇನ್ನೊಂದು ಗಿರಣಿಯ ಕೆಲಸವಿತ್ತು.

ಆಸೆ ಏನಾದರೂ ಇದೆಯೇ ಎಂದರೆ ಸ್ಕೂಟರಿಗೆ ಹಿಂದಿನ ಟೈರು ಹೊಸದು ಹಾಕಿಸಬೇಕು ಎನ್ನುತ್ತಾರೆ. ಹೋದ ವರ್ಷ ಬಿಡಿಸಿದ ಎರಡು ಗಿರಣಿಗಳು ಮತ್ತೆ ಕರೆದಿಲ್ಲ, ಕರೆಯುವ ಸೂಚನೆಯೂ ಇಲ್ಲ. ತಿಂಗಳಿಗೆ ಮೂರು ಸಾವಿರ ಹೋಗಿದ್ದು ಹೋಯಿತು. ಈ ಗಿರಣಿಯ ಎಂಟು ತಕ್ಕಡಿಗಳು ಬರುವ ಸುಗ್ಗಿಯವರೆಗೆ ಅವರ ಕೈಯಲ್ಲೇ ಉಳಿದಿವೆ.